ತೋಳನನ್ನು ಪ್ರೀತಿಸುವ ಕತೆಗಳು ಮತ್ತು ನಮ್ಮ ಹುಡುಗಿಯರು: ಸಂತೆಕಲ್ಲೂರು ಸೀಮೆಯ ಗುರುಗಳಿಗೊಂದು ಬಹಿರಂಗ ಪತ್ರ

ಮಾನ್ಯ ಗುರುಗಳೇ, ಗುರುಮಾತೆಯರೇ, ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಮೇಲ್ವಿಚಾರಕರೇ,

ಸಂತೆಕಲ್ಲೂರಿನಿಂದ ಹಿಡಿದು ಮಸ್ಕಿ, ಲಿಂಗಸುಗೂರು, ಸಿಂಧನೂರಿನವರೆಗೆ ಓದುವ ಮಕ್ಕಳ ಕೈಗೆ ಯಾವ ಪುಸ್ತಕ ಸಿಗಬೇಕು, ಯಾವುದು ಸಿಗಬಾರದು ಎಂದು ದಿನವೂ ತೀರ್ಮಾನಿಸುವವರು ನೀವು. ಅದಕ್ಕೇ ಈ ಪತ್ರ ನಿಮಗೆ. ವಿಷಯ ಮೇಲ್ನೋಟಕ್ಕೆ ಸಣ್ಣದು: ತೋಳಮಾನವನ ಪ್ರೇಮಕತೆಗಳು. ಹುಣ್ಣಿಮೆಯ ರಾತ್ರಿ ತೋಳವಾಗಿ ಬದಲಾಗುವ ಗಂಡಸು, ಅವನಿಗೆಂದು ವಿಧಿಯೇ ಗೊತ್ತುಮಾಡಿದ ಹುಡುಗಿ, ಇಬ್ಬರ ನಡುವೆ ಸಿಟ್ಟು, ಅಂಜಿಕೆ, ಆಸೆ. ಇಂಗ್ಲಿಷಿನಲ್ಲಿ ರಾಶಿರಾಶಿಯಾಗಿ ಬರುತ್ತಿರುವ ಈ ಕಾದಂಬರಿಗಳು ಈಗ ಮೊಬೈಲಿನ ಆ್ಯಪ್‌ಗಳಲ್ಲಿ ಕಂತುಕಂತಾಗಿ ಓದಲಿಕ್ಕೂ ಕೇಳಲಿಕ್ಕೂ ಸಿಗುತ್ತವೆ. ಕನ್ನಡದಲ್ಲೂ ಪ್ರತಿಲಿಪಿಯಂಥ ವೇದಿಕೆಗಳಲ್ಲಿ ಅಲೌಕಿಕ ಪ್ರೇಮದ ಧಾರಾವಾಹಿಗಳಿಗೆ ಓದುಗರಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳು ಬಹಳ. ಇಂಥ ಕತೆ ಓದುವ ಹುಡುಗಿ ಸಿಕ್ಕಿಬಿದ್ದಾಗ ಮೊಬೈಲ್ ಕಸಿಯುವುದು, ನಾಲ್ಕು ಜನರ ಮುಂದೆ ನಗುವುದು, ಮನೆಗೆ ಹೇಳಿ ಕಳಿಸುವುದು, ಇವೇ ನಮಗೆ ಗೊತ್ತಿರುವ ಉಪಾಯಗಳು. ಅವು ತಪ್ಪು ಎಂದು ನನ್ನ ವಾದ. ಈ ಕತೆಗಳ ಸೆಳೆತದ ಹಿಂದೆ ಒಂದು ನಿಜವಾದ ಪ್ರಶ್ನೆ ಇದೆ. ಆ ಪ್ರಶ್ನೆಯನ್ನು ನಮ್ಮ ನಾಡಿನ ಹೆಂಗಸರು ಮೊಬೈಲು ಬರುವ ಎಷ್ಟೋ ಕಾಲ ಮೊದಲೇ ಕತೆಯಾಗಿ ಕಟ್ಟಿ ಹೇಳಿದ್ದಾರೆ, ಮತ್ತು ಅವರು ಕೊಟ್ಟ ಉತ್ತರ ತೋಳದ ಕಾದಂಬರಿ ಕೊಡುವ ಉತ್ತರಕ್ಕಿಂತ ಗಟ್ಟಿಯಾದದ್ದು.

ಮೊದಲು ಕತೆಯ ಸ್ವರೂಪ ನೋಡೋಣ. ಯುರೋಪಿನಲ್ಲಿ ತೋಳಮಾನವ ಬಹುಕಾಲ ಪ್ರೀತಿಯ ವಸ್ತುವಾಗಿರಲಿಲ್ಲ, ಭಯದ ವಸ್ತುವಾಗಿದ್ದ. 1589ರಲ್ಲಿ ಜರ್ಮನಿಯ ಕಲೋನ್ ಪಟ್ಟಣದ ಹತ್ತಿರ ಪೀಟರ್ ಸ್ಟಂಪ್ ಎಂಬ ರೈತನನ್ನು ತೋಳವಾಗಿ ಜನರನ್ನು ಕೊಂದ ಆರೋಪದ ಮೇಲೆ ಚಿತ್ರಹಿಂಸೆ ಕೊಟ್ಟು ಸಾಯಿಸಿದರು. ಪ್ರಾಣಿಯ ರೂಪದ ಗಂಡನನ್ನು ಹೆಣ್ಣು ಪ್ರೀತಿಸಿ ಮನುಷ್ಯನನ್ನಾಗಿ ಮಾಡುವ ಕತೆಯ ಧಾರೆ ಬೇರೆಯದು. ಫ್ರಾನ್ಸಿನಲ್ಲಿ 1740ರಲ್ಲಿ ವಿಲ್ನೇವ್ ಎಂಬ ಲೇಖಕಿ ಬರೆದ ‘ಬ್ಯೂಟಿ ಅಂಡ್ ದ ಬೀಸ್ಟ್’ ಅದರ ಪ್ರಸಿದ್ಧ ರೂಪ. ಈ ಎರಡು ಧಾರೆಗಳು ನಮ್ಮ ಕಾಲದಲ್ಲಿ ಒಂದಾದವು. 2005ರಲ್ಲಿ ಶುರುವಾದ ‘ಟ್ವೈಲೈಟ್’ ಸರಣಿಯ ಜೇಕಬ್ ಎಂಬ ತೋಳಹುಡುಗ ಜಗತ್ತಿನ ಎಳೆಯ ಓದುಗರಿಗೆಲ್ಲ ಪರಿಚಿತನಾದ. ಅದರಾಚೆ ಬೆಳೆದ ಅಂತರ್ಜಾಲದ ಕಾದಂಬರಿಗಳಲ್ಲಿ ಒಂದು ಅಚ್ಚು ಗಟ್ಟಿಯಾಗಿದೆ. ನಾಯಕಿ ತೋಳದ ಹಿಂಡಿನಲ್ಲಿ ಕಡೆಯವಳು. ಮನೆಗೆಲಸವೆಲ್ಲ ಅವಳ ಮೇಲೆ, ಮಾತಾಡಿಸುವವರಿಲ್ಲ. ಅವಳಿಗೆ ಹದಿನೆಂಟು ತುಂಬಿದ ದಿನ ವಾಸನೆಯಿಂದಲೇ ಗೊತ್ತಾಗುತ್ತದೆ, ಹಿಂಡಿನ ನಾಯಕನೇ ಅವಳ ಜೋಡಿ ಎಂದು. ಅವನು ಎಲ್ಲರೆದುರು ಅವಳನ್ನು ಬೇಡವೆನ್ನುತ್ತಾನೆ. ಅವಳು ಊರು ಬಿಡುತ್ತಾಳೆ, ತನ್ನಲ್ಲೂ ಒಂದು ಬಲವಿದೆ ಎಂದು ಕಂಡುಕೊಳ್ಳುತ್ತಾಳೆ, ಅವನು ಪಶ್ಚಾತ್ತಾಪಪಟ್ಟು ಅವಳ ಬೆನ್ನು ಹತ್ತುತ್ತಾನೆ. ಹೆಸರು, ಊರು ಬದಲಾದರೂ ಇಷ್ಟು ಮಾತ್ರ ಮತ್ತೆಮತ್ತೆ ಬರುತ್ತದೆ.

ಈ ಅಚ್ಚನ್ನು ನಮ್ಮ ಕಡೆಯ ಹುಡುಗಿಯ ಬದುಕಿನ ಪಕ್ಕ ಇಟ್ಟು ನೋಡಿ. ಕಡೆಯವಳಾಗಿ ಬೆಳೆಯುವುದು, ಕೆಲಸದಿಂದ ಮಾತ್ರ ಗುರುತಿಸಲ್ಪಡುವುದು ಆಕೆಗೆ ಹೊಸ ಸಂಗತಿಯಲ್ಲ. ಕನ್ಯಾ ನೋಡಲಿಕ್ಕೆ ಬಂದವರು ಚಹಾ ಕುಡಿದು ಹೋಗಿ ‘ತಿಳಿಸ್ತೀವಿ’ ಎಂದು ಸುಮ್ಮನಾಗುವುದು ನಮ್ಮಲ್ಲಿ ಪ್ರತಿ ಓಣಿಗೂ ಗೊತ್ತಿರುವ ಅವಮಾನ. ಬೇಡವೆಂದವನು ತಾನೇ ತಿರುಗಿ ಬಂದು ಬಾಗಿಲಲ್ಲಿ ನಿಲ್ಲುವ ಕತೆ ಅಂಥ ಅವಮಾನಕ್ಕೆ ಎಷ್ಟು ದೊಡ್ಡ ಮುಲಾಮು ಎಂದು ಯೋಚಿಸಿ. ಹದಿನೆಂಟರ ಲೆಕ್ಕವೂ ಹಾಗೆಯೇ. ಕಾದಂಬರಿಯಲ್ಲಿ ಅದು ಜೋಡಿ ಸಿಗುವ ದಿನ. ಇಲ್ಲಿ ಅದು ಕಾನೂನಿನ ಆಸರೆ ಮುಗಿಯುವ ದಿನ, ಎಷ್ಟೋ ಮನೆಗಳಲ್ಲಿ ಅಷ್ಟರವರೆಗೂ ಕಾಯುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21.3ರಷ್ಟು ಮಂದಿಯ ಮದುವೆ ಹದಿನೆಂಟಕ್ಕೆ ಮೊದಲೇ ಆಗಿತ್ತು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ನಾವು ಸಾಕಷ್ಟು ಗಟ್ಟಿಯಾಗಿ ಹೇಳುವುದಿಲ್ಲ: ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ಶೇ 44.4, ದೇಶದ ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಅಪರಿಚಿತನ ಜತೆ ಒಂದೇ ಕೋಣೆಗೆ ಹೋಗಲಿರುವ ಹುಡುಗಿಗೆ ಹುಟ್ಟುವ ಪ್ರಶ್ನೆ ಬಹಳ ಸರಳ. ನಾಲ್ಕು ಜನರ ಮುಂದೆ ನಗುನಗುತ್ತ ಕೂತ ಈ ಮನುಷ್ಯ ಬಾಗಿಲು ಹಾಕಿದ ಮೇಲೆ ಏನಾಗುತ್ತಾನೆ? ಇವನೊಳಗೆ ಇನ್ನೊಬ್ಬನಿದ್ದಾನೆಯೇ? ಇದ್ದರೆ, ಅವನು ಮೇಲೆ ಬೀಳುವವನೋ, ಕಾಯುವವನೋ? ಈ ಪ್ರಶ್ನೆಯನ್ನು ಅವಳು ತಾಯಿಯ ಹತ್ತಿರ ಬಾಯಿಬಿಟ್ಟು ಕೇಳಲಾರಳು, ನಿಮ್ಮ ತರಗತಿಯಲ್ಲಂತೂ ಕೇಳುವುದೇ ಇಲ್ಲ. ತೋಳಮಾನವನ ಕತೆ ಆ ಪ್ರಶ್ನೆಗೆ ಮೈ ಕೊಡುತ್ತದೆ. ಒಬ್ಬನೇ ಗಂಡಸಿನಲ್ಲಿರುವ ಇಬ್ಬರನ್ನು ಕಣ್ಣಿಗೆ ಕಾಣುವಂತೆ ಬೇರೆ ಮಾಡಿ ತೋರಿಸುತ್ತದೆ. ಅದರ ಸೆಳೆತದ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ. ಕಾಮದ ವರ್ಣನೆ, ಕಾಡು, ಬೆಳದಿಂಗಳು ಇವೆಲ್ಲ ಆಮೇಲಿನವು.

ಇದು ಹೊರಗಿನಿಂದ ಬಂದ ಹುಚ್ಚು ಎನ್ನುವವರು ‘ನಾಗಮಂಡಲ’ವನ್ನು ನೆನಪಿಸಿಕೊಳ್ಳಬೇಕು. ಗಿರೀಶ ಕಾರ್ನಾಡರು 1980ರ ದಶಕದ ಕೊನೆಯಲ್ಲಿ ಬರೆದ ಈ ನಾಟಕದ ಬೇರು ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಎರಡು ಜನಪದ ಕತೆಗಳು. ರಾಮಾನುಜನ್ ಬೆಳಗಾವಿಯಲ್ಲಿ ಮೇಷ್ಟರಾಗಿದ್ದಾಗ ನಮ್ಮ ಉತ್ತರ ಕರ್ನಾಟಕದ ಹೆಂಗಸರ ಬಾಯಿಂದ ಕತೆ ಕೂಡಿಸಿದವರು, ಇಂಥ ಕತೆಗಳನ್ನು ಹೆಂಗಸರ ಕತೆಗಳೆಂದೇ ಪ್ರತ್ಯೇಕವಾಗಿ ನೋಡಬೇಕೆಂದು ವಾದಿಸಿದವರು. ನಾಟಕದಲ್ಲಿ ರಾಣಿ ಎಂಬ ಹುಡುಗಿ ಅಪ್ಪಣ್ಣನ ಹೆಂಡತಿಯಾಗಿ ಬರುತ್ತಾಳೆ. ಅವನು ಹಗಲು ಉಂಡು ಬಾಗಿಲಿಗೆ ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಗಂಡ ಒಲಿಯಲೆಂದು ಕುರುಡವ್ವ ಎಂಬ ಮುದುಕಿ ಕೊಟ್ಟ ಬೇರನ್ನು ಸಾರಿಗೆ ಹಾಕಿದರೆ ಅದು ಕೆಂಪಾಗಿ ಕುದಿಯುತ್ತದೆ, ಅಂಜಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಅವಳ ಮೋಹಕ್ಕೆ ಬಿದ್ದು, ಬಚ್ಚಲ ಮೋರಿಯಿಂದ ಒಳಗೆ ಬಂದು, ಗಂಡನ ರೂಪ ತಾಳಿ ರಾತ್ರಿ ಅವಳ ಜತೆ ಮಾತಾಡುತ್ತಾನೆ. ಹಗಲಿನ ಗಂಡ ಬೈಯುತ್ತಾನೆ, ಹೊಡೆಯುತ್ತಾನೆ. ರಾತ್ರಿಯ ಗಂಡ ಕತೆ ಕೇಳುತ್ತಾನೆ, ಗಾಯಕ್ಕೆ ಕೈ ಇಡುತ್ತಾನೆ. ಮುಖ ಒಂದೇ. ಯಾರು ಯಾಕೆ ಹೀಗೆ ಎಂದು ರಾಣಿ ಕೇಳುವಂತಿಲ್ಲ. 1997ರಲ್ಲಿ ಟಿ.ಎಸ್. ನಾಗಾಭರಣ ಇದನ್ನು ಸಿನಿಮಾ ಮಾಡಿದಾಗ ಪ್ರಕಾಶ್ ರೈ ಒಬ್ಬರೇ ಆ ಇಬ್ಬರಾಗಿ ನಟಿಸಿದ್ದು ಕತೆಯ ಈ ಬೇಡಿಕೆಯಿಂದಲೇ. ಪಶ್ಚಿಮದ ತೋಳದ ಕಾದಂಬರಿ ಹೇಳುವುದಕ್ಕೂ ಇದಕ್ಕೂ ಅಡಿಪಾಯದಲ್ಲಿ ಏನು ವ್ಯತ್ಯಾಸ? ಒಬ್ಬ ಗಂಡಸಿನ ಎರಡು ಸ್ವಭಾವಗಳನ್ನು ಎರಡು ದೇಹವಾಗಿ ಸೀಳಿ, ಹೆಣ್ಣಿನ ಕಣ್ಣೆದುರು ನಿಲ್ಲಿಸುವುದೇ ಇಲ್ಲಿಯೂ ಕತೆಯ ಕೆಲಸ.

ನಾಗಮಂಡಲ ಒಂಟಿಯಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯಲ್ಲಿ ರಾಜಕುಮಾರನ ದೇಹವೇ ಎರಡಾಗಿ, ಅದರಲ್ಲೊಂದು ಹಾವಾಗುತ್ತದೆ. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಭಾರತಗಳಲ್ಲಿ ಹಿಡಿಂಬೆ ಭೀಮನ ಮೇಲಿನ ಮೋಹಕ್ಕೆ ರಕ್ಕಸಿಯ ರೂಪ ಬಿಟ್ಟು ಚೆಲುವೆಯಾಗಿ ಬರುತ್ತಾಳೆ. ಅಲ್ಲಿ ರೂಪ ಬದಲಿಸುವವಳು ಹೆಣ್ಣು, ಆಸೆಯನ್ನು ಮೊದಲು ಬಾಯಿಬಿಟ್ಟು ಹೇಳುವವಳೂ ಅವಳೇ. 1890ರಲ್ಲಿ ನಟೇಶ ಶಾಸ್ತ್ರಿಗಳು ಮತ್ತು ಕಿಂಗ್ಸ್‌ಕೋಟ್ ಎಂಬ ಇಂಗ್ಲಿಷ್ ಹೆಂಗಸು ಸೇರಿ ಪ್ರಕಟಿಸಿದ ದಕ್ಷಿಣ ಭಾರತದ ಕತೆಗಳ ಸಂಕಲನದಲ್ಲಿ ಹುಲಿಯೊಂದು ಸುಂದರ ಬ್ರಾಹ್ಮಣನ ವೇಷ ಹಾಕಿ ಹುಡುಗಿಯನ್ನು ಮದುವೆಯಾಗಿ ಕಾಡಿಗೆ ಕರೆದೊಯ್ಯುವ ಕತೆ ಇದೆ. ಅವಳು ಅಲ್ಲಿ ನರಳುತ್ತಾಳೆ, ಕೊನೆಗೆ ಅಣ್ಣತಮ್ಮಂದಿರು ಬಂದು ಬಿಡಿಸಬೇಕಾಗುತ್ತದೆ. ಆ ಹುಲಿ ಎಂದಿಗೂ ಒಳ್ಳೆಯವನಾಗುವುದಿಲ್ಲ. ಮೃಗ-ಗಂಡನ ಕತೆ ಎಂದರೆ ಯಾವಾಗಲೂ ಮೃಗವನ್ನು ಮೆಚ್ಚುವ ಕತೆ ಎಂದುಕೊಂಡವರು ಇದನ್ನು ಗಮನಿಸಬೇಕು. ಕೆಲವು ಕತೆಗಳು ಆಸೆ ಹುಟ್ಟಿಸುತ್ತವೆ, ಕೆಲವು ಎಚ್ಚರಿಸುತ್ತವೆ. ಎರಡನ್ನೂ ಕೇಳಿ ಬೆಳೆದ ಹುಡುಗಿಗೆ ಎರಡರ ನಡುವೆ ತೂಗಿ ನೋಡುವ ಅಳತೆ ಸಿಗುತ್ತದೆ.

ನಮ್ಮ ಕತೆಗಳಲ್ಲಿ ಪ್ರೇಮಿ ಹಾವಾದ, ತೋಳ ಯಾಕೆ ಆಗಲಿಲ್ಲ ಎಂಬುದೂ ಯೋಚಿಸತಕ್ಕದ್ದು. ತೋಳ ಇಲ್ಲಿ ಇಲ್ಲದ ಪ್ರಾಣಿಯಲ್ಲ. ರಾಯಚೂರು, ಕೊಪ್ಪಳದ ಬಯಲು, ಕುರುಚಲು ಗುಡ್ಡಗಳು ಅದರ ಸ್ವಂತ ನೆಲ. ಸಿಂಧನೂರಿಗೆ ದೂರವಲ್ಲದ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 300 ಎಕರೆಗೂ ಹೆಚ್ಚು ಪ್ರದೇಶವನ್ನು ತೋಳಗಳಿಗೆಂದೇ ವನ್ಯಜೀವಿಧಾಮ ಮಾಡಿದ್ದಾರೆ. ಆದರೆ ಕುರಿ ಕಾಯುವವರ ಬಾಯಲ್ಲಿ ‘ತ್ವಾಳ’ ಎಂದರೆ ರಾತ್ರಿ ದೊಡ್ಡಿಗೆ ನುಗ್ಗಿ ಮರಿ ಎತ್ತಿಕೊಂಡು ಹೋಗುವ ಕಳ್ಳ. ಅದರ ಸಂಬಂಧ ಗಂಡಸಿನ ಜತೆ, ಕೋಲು, ನಾಯಿಗಳ ಜತೆ. ಹಾವಿನ ಸಂಬಂಧ ಹೆಂಗಸಿನ ಜತೆ. ಹಾವು ಮನೆಯ ಹಿತ್ತಲಿನ ಹುತ್ತದಲ್ಲಿರುತ್ತದೆ, ಮೋರಿಯಿಂದ ಅಡುಗೆಮನೆಗೆ ಬರುತ್ತದೆ, ಕೊಲ್ಲಬಲ್ಲದು, ಆದರೂ ವರ್ಷಕ್ಕೊಮ್ಮೆ ಅದಕ್ಕೆ ಹಾಲೆರೆಯುವವರು ಹೆಣ್ಣುಮಕ್ಕಳೇ. ಪಂಚಮಿ ನಮ್ಮ ಕಡೆ ತವರುಮನೆಯ ಹಬ್ಬ. ಅಣ್ಣ ಹೋಗಿ ತಂಗಿಯನ್ನು ಕರಕೊಂಡು ಬರುತ್ತಾನೆ. ಉಂಡಿ, ಅಳ್ಳು, ಮರಕ್ಕೆ ಕಟ್ಟಿದ ಜೋಕಾಲಿ. ಗಂಡನ ಮನೆಯಿಂದ ಬಂದ ಹೆಣ್ಣುಮಕ್ಕಳು ಒಂದೆಡೆ ಕೂಡುವ, ಅಲ್ಲಿ ಹೇಗಿದೆ ಎಂದು ಪರಸ್ಪರ ಕೇಳಬಹುದಾದ ಆ ಹಬ್ಬದ ನಡುವೆ ಪೂಜೆಗೊಳ್ಳುವ ಜೀವ ನಾಗ. ಹತ್ತಿರದಲ್ಲೇ ಇರುವ, ಪ್ರೀತಿಯನ್ನೂ ವಿಷವನ್ನೂ ಒಟ್ಟಿಗೆ ಇಟ್ಟುಕೊಂಡ ಆ ಜೀವ ಗಂಡನ ರೂಪಕವಾದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ಈಗಿನ ಹುಡುಗಿಯ ಮೊಬೈಲಿನಲ್ಲಿ ಆ ಜಾಗಕ್ಕೆ ತೋಳ ಬಂದು ಕೂತಿದೆ. ಬದಲಾದದ್ದು ಪ್ರಾಣಿ.

ಈಗ ನಿಮ್ಮ ಅತಿ ದೊಡ್ಡ ಆಕ್ಷೇಪಕ್ಕೆ ಬರುತ್ತೇನೆ, ಯಾಕೆಂದರೆ ಅದು ನ್ಯಾಯವಾದದ್ದು. ಈ ಕಾದಂಬರಿಗಳ ನಾಯಕ ಹಟಮಾರಿ, ಅಧಿಕಾರ ಚಲಾಯಿಸುವವನು, ‘ನೀನು ನನ್ನವಳು’ ಎಂದು ಗುಡುಗುವವನು, ಬೇರೆ ಗಂಡಸು ಅವಳತ್ತ ನೋಡಿದರೆ ಹಲ್ಲು ಮಸೆಯುವವನು. ಹೊಡೆತವನ್ನೇ ಪ್ರೀತಿಯೆಂದು ನಂಬಿಸುವ ಸಮಾಜದಲ್ಲಿ ಇಂಥ ನಾಯಕನನ್ನು ಮೆಚ್ಚಲು ಹುಡುಗಿಯರಿಗೆ ಕಲಿಸಿದರೆ ಶೇ 44ರ ಅಂಕಿ ಇನ್ನೂ ಏರುವುದಿಲ್ಲವೇ ಎಂದು ನೀವು ಕೇಳಬಹುದು. ಅಮೆರಿಕದ ವಿದ್ವಾಂಸೆ ಜಾನಿಸ್ ರ‍್ಯಾಡ್‌ವೇ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಅಂಜಿಕೆಯನ್ನು ಹಿಡಿದು ಪ್ರೇಮಕಾದಂಬರಿ ಓದುವ ಒಂದು ಊರಿನ ಗೃಹಿಣಿಯರನ್ನೇ ನೇರ ಕೇಳಿದರು. ಅವರಿಗೆ ಸಿಕ್ಕ ಉತ್ತರ ಎರಡು ಕಡೆಗೂ ಕೆಲಸ ಮಾಡುತ್ತದೆ. ಆ ಹೆಂಗಸರು ಕ್ರೂರಿ ನಾಯಕನನ್ನು ಮೆಚ್ಚಿದವರಲ್ಲ. ಬಿರುಸಾದವನು ಕೊನೆಗೆ ಮೃದುವಾಗಿ ಹೆಂಡತಿಯ ಆರೈಕೆ ಮಾಡುವುದೇ ಅವರಿಗೆ ಬೇಕಾದ ಕತೆ. ಮತ್ತು ಓದುವ ಹೊತ್ತು ಎಂದರೆ ಗಂಡ, ಮಕ್ಕಳು, ಮನೆಗೆಲಸದಿಂದ ತಮಗಾಗಿ ಕಸಿದುಕೊಂಡ ಹೊತ್ತು. ಅದೇ ಉಸಿರಿನಲ್ಲಿ ರ‍್ಯಾಡ್‌ವೇ ಎಚ್ಚರಿಸಿದ್ದೂ ಉಂಟು: ಗಂಡಸಿನ ಕ್ರೌರ್ಯವೆಲ್ಲ ಅಡಗಿಸಿಟ್ಟ ಪ್ರೀತಿಯೇ ಎಂದು ಓದಿ ಓದಿ ರೂಢಿಯಾದರೆ, ನಿಜದ ಕ್ರೌರ್ಯವನ್ನೂ ಹೆಣ್ಣು ಹಾಗೇ ಓದಿಕೊಳ್ಳಬಹುದು. ಈ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ ಬರುವ ತೀರ್ಮಾನ ಕಸಿಯಿರಿ ಎಂಬುದಲ್ಲ. ಒಂಟಿಯಾಗಿ, ಕದ್ದು, ಹೊದಿಕೆಯೊಳಗೆ ಓದಿದ ಕತೆಗೆ ಎದುರುಮಾತು ಹೇಳುವವರಿಲ್ಲ. ಕಸಿದುಕೊಂಡಾಗ ಆಗುವುದು ಅಷ್ಟೇ, ಓದು ನಿಲ್ಲುವುದಿಲ್ಲ, ಎದುರುಮಾತು ಹೇಳಬಹುದಾಗಿದ್ದ ನೀವು ಆ ಓದಿನಿಂದ ಹೊರಗೆ ಉಳಿಯುತ್ತೀರಿ.

ಆ ಎದುರುಮಾತಿಗೆ ಒಳ್ಳೆಯ ಸಾಮಗ್ರಿಯೂ ಇದೆ. ಕಾದಂಬರಿಯ ‘ಆಲ್ಫಾ’ ಎಂಬ ಕಲ್ಪನೆಯನ್ನೇ ತೆಗೆದುಕೊಳ್ಳಿ. ಹಿಂಡಿನ ಮೇಲೆ ಕಚ್ಚಾಡಿ ಅಧಿಕಾರ ಸ್ಥಾಪಿಸುವ ಗಂಡು ತೋಳ ಎಂಬ ಈ ವಿಚಾರ ಹುಟ್ಟಿದ್ದು ಸೆರೆಯಲ್ಲಿಟ್ಟ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ನೋಡಿ. 1970ರಲ್ಲಿ ಡೇವಿಡ್ ಮೆಕ್ ಎಂಬ ವಿಜ್ಞಾನಿಯ ಪುಸ್ತಕ ಅದನ್ನು ಜಗತ್ತಿಗೆಲ್ಲ ಹರಡಿತು. ಮುಂದೆ ಅವರೇ ಉತ್ತರ ಧ್ರುವದ ಹತ್ತಿರದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ನಡುವೆ ಬೇಸಿಗೆಗಳನ್ನು ಕಳೆದು, 1999ರಲ್ಲಿ ಆ ವಿಚಾರ ತಪ್ಪೆಂದು ಬರೆದರು. ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿರೆಂದು ಪ್ರಕಾಶಕರನ್ನೂ ಕೇಳಿಕೊಂಡರು. ಕಾಡಿನಲ್ಲಿ ಹಿಂಡೆಂದರೆ ಸಾಮಾನ್ಯವಾಗಿ ಒಂದು ಕುಟುಂಬ, ತಂದೆ ತಾಯಿ ಮತ್ತು ಅವರ ಮರಿಗಳು. ಮರಿ ಹಾಕಿದ ಹೆಣ್ಣು ಗುಹೆಯಲ್ಲಿರುವಾಗ ಗಂಡು ಬೇಟೆಯಾಡಿ ಆಹಾರ ತರುತ್ತದೆ, ಮರಿಗಳಿಗೆ ಉಣಿಸುತ್ತದೆ. ಇದನ್ನು ವಿಜ್ಞಾನದ ಮೇಷ್ಟ್ರು ಹತ್ತು ನಿಮಿಷದಲ್ಲಿ ಹೇಳಬಹುದು. ಓದುವ ಹುಡುಗಿಗೆ ಅದು ಬರೀ ಪ್ರಾಣಿಶಾಸ್ತ್ರವಾಗಿ ಉಳಿಯುವುದಿಲ್ಲ. ಗಂಡಸುತನವೆಂದರೆ ಹೆದರಿಸುವುದು, ಅದು ಪ್ರಕೃತಿಯ ನಿಯಮ ಎಂದು ಕಾದಂಬರಿ ಹೇಳಿದಾಗ, ಪ್ರಕೃತಿ ಹಾಗೆ ಹೇಳಿಲ್ಲ ಎಂದು ಅವಳಿಗೆ ಗೊತ್ತಿರುತ್ತದೆ.

ಆದರೂ ತೋಳದ ಕಾದಂಬರಿಯ ನಿಜವಾದ ಕೊರತೆ ನಾಯಕನ ಸಿಟ್ಟಿನಲ್ಲಿಲ್ಲ ಎಂದು ನನ್ನ ಅಭಿಪ್ರಾಯ. ಅದು ವಾಸನೆಯಲ್ಲಿದೆ. ಜೋಡಿ ಯಾರೆಂದು ಮೊದಲೇ ಬರೆದಾಗಿದೆ, ಮೈಯೇ ಗುರುತಿಸುತ್ತದೆ, ತಪ್ಪಿಸಿಕೊಳ್ಳುವಂತಿಲ್ಲ. ಆಯ್ಕೆಯ ಭಾರವನ್ನು ಹೆಣ್ಣಿನ ತಲೆಯಿಂದ ಇಳಿಸುವ ಈ ಏರ್ಪಾಟು ಓದುವವಳಿಗೆ ಹಿತ ಕೊಡುತ್ತದೆ. ತಾನು ಆರಿಸಿದರೆ ತಪ್ಪು ತನ್ನದಾಗುತ್ತದೆ, ಹಿರಿಯರು ಆರಿಸಿದರೆ ಪ್ರೀತಿ ಸಿಗುತ್ತದೋ ಇಲ್ಲವೋ. ವಿಧಿ ಆರಿಸಿದರೆ ಎರಡೂ ಕಷ್ಟ ತಪ್ಪಿತು. ಆದರೆ ಋಣಾನುಬಂಧ, ಏಳೇಳು ಜನ್ಮದ ನಂಟು ಎಂದು ಹೇಳಿ ಹುಡುಗಿಯ ಬಾಯಿ ಮುಚ್ಚಿಸುವ ನಮ್ಮ ಹಳೆಯ ಮಾತಿಗೂ ಇದಕ್ಕೂ ದೂರವಿಲ್ಲ. ನಾಗಮಂಡಲ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಗರ್ಭಿಣಿಯಾದ ರಾಣಿಯನ್ನು ಗಂಡ ಪಂಚರ ಮುಂದೆ ನಿಲ್ಲಿಸುತ್ತಾನೆ. ಅವಳು ಹುತ್ತಕ್ಕೆ ಕೈ ಹಾಕಿ ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎನ್ನುತ್ತಾಳೆ. ಅದು ಅಕ್ಷರಶಃ ಸತ್ಯ, ಕೇಳಿದವರಿಗೆ ಅದರ ಪೂರ್ತಿ ಅರ್ಥ ಆಗದ ಸತ್ಯ. ಹೆಡೆ ಬಿಚ್ಚಿದ ನಾಗ ಅವಳ ತಲೆಯ ಮೇಲೆ ಕೊಡೆಯಾಗುತ್ತದೆ, ಊರು ಅವಳ ಕಾಲಿಗೆ ಬೀಳುತ್ತದೆ. ಕತೆಯುದ್ದಕ್ಕೂ ಮಾತು ಬಾರದ ಹುಡುಗಿ ತನ್ನ ಮಾತಿನ ಬಲದಿಂದ ಗೆಲ್ಲುತ್ತಾಳೆ. ನಾಟಕ ಅಷ್ಟಕ್ಕೇ ನಿಲ್ಲದೆ, ನಾಗನಿಗೆ ಏನಾಗಬೇಕು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಅಂತ್ಯಗಳನ್ನು ಇಟ್ಟು, ಅವುಗಳಲ್ಲೊಂದರಲ್ಲಿ ನಾಗನನ್ನು ರಾಣಿಯ ಕೂದಲಲ್ಲೇ ಬದುಕಲು ಬಿಡುತ್ತದೆ. ಆಸೆಯನ್ನು ಕೊಲ್ಲದೆ ಮನೆಯೊಳಗೇ ಇಟ್ಟುಕೊಂಡ ಗೃಹಿಣಿಯ ಚಿತ್ರ ಅದು. ಅದಕ್ಕಿಂತ ದಿಟ್ಟವಾದ ಕೊನೆಯುಳ್ಳ ತೋಳದ ಕಾದಂಬರಿ ನನಗೆ ಗೊತ್ತಿಲ್ಲ.

ಇದಕ್ಕೂ ಎದುರು ವಾದ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ರಾಣಿಯ ಹತ್ತಿರ ಬಂದ ನಾಗ ತಾನು ಯಾರೆಂದು ಹೇಳಲಿಲ್ಲ. ಗಂಡನೆಂದು ನಂಬಿಸಿ ಬಂದ. ಅದು ಮೋಸ, ಒಪ್ಪಿಗೆಯನ್ನು ಕದ್ದದ್ದು. ಕೊನೆಗೆ ಅವಳು ದೇವಿಯಾದಳೇ ಹೊರತು ಸಾಮಾನ್ಯ ಹೆಂಗಸಾಗಿ ಗೌರವ ಪಡೆಯಲಿಲ್ಲ, ಅಪ್ಪಣ್ಣನಂಥವನ ಜತೆಗೇ ಸಂಸಾರ ಮುಂದುವರಿಸಬೇಕಾಯಿತು. ಈ ಪ್ರಶ್ನೆಗಳನ್ನು ಎತ್ತಬೇಕಾದ್ದೇ. ಹತ್ತನೆಯ ಇಯತ್ತೆ ದಾಟಿದ ಯಾವ ಹುಡುಗಿಯೂ ಇವನ್ನು ಎತ್ತಬಲ್ಲಳು, ಅವಕಾಶ ಕೊಟ್ಟರೆ. ನಾಗಮಂಡಲದ ನಾಗನನ್ನು ಪ್ರಶ್ನಿಸಲು ಕಲಿತವಳು ಆ್ಯಪಿನ ತೋಳವನ್ನೂ ಪ್ರಶ್ನಿಸುತ್ತಾಳೆ: ಇವನು ನನ್ನನ್ನು ಕೇಳಿದನೇ? ಬೇಡವೆಂದರೆ ಹಿಂದೆ ಸರಿಯುತ್ತಿದ್ದನೇ? ಬದಲಾದದ್ದು ಅವನೋ, ಅವನನ್ನು ಸಹಿಸಿಕೊಳ್ಳಲು ಬದಲಾದದ್ದು ನಾನೋ? ನಾಳೆ ನಿಜದ ವರನ ಮುಂದೆ ಕೂತಾಗ ಅವಳಿಗೆ ಬೇಕಾಗುವುದು ಇವೇ ಪ್ರಶ್ನೆಗಳು.

ಇವು ಕೆಳದರ್ಜೆಯ ಬರಹ, ಸಾಹಿತ್ಯವಲ್ಲ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಬಹಳಷ್ಟು ಕಂತುಗಳು ಅವಸರದವು, ಹಣ ಕೊಟ್ಟು ಮುಂದಿನ ಕಂತು ಬಿಡಿಸಬೇಕಾದ ಕಡೆ ಕತೆಯನ್ನು ಹಿಂಜಿ ಹಿಂಜಿ ಎಳೆಯುತ್ತಾರೆ. ಆ ಹಣದ ವಿಷಯದಲ್ಲಿ ಮಕ್ಕಳಿಗೆ ತಿಳಿಹೇಳುವುದು ನಿಮ್ಮ ಕರ್ತವ್ಯವೇ. ಆದರೆ ಹೆಂಗಸರು ಬರೆದದ್ದನ್ನೂ ಓದಿದ್ದನ್ನೂ ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿದ ಕಾಲ ಕನ್ನಡದಲ್ಲೇ ಇತ್ತು. ಅದೇ ಕಾಲದಲ್ಲಿ ವಾರಪತ್ರಿಕೆಯ ಧಾರಾವಾಹಿ, ಬಾಡಿಗೆ ಲೈಬ್ರರಿಯ ಕಾದಂಬರಿ ಓದಿ ಎಷ್ಟೋ ತಾಯಂದಿರು ಓದುಗರಾದರು. ತ್ರಿವೇಣಿಯವರ ‘ಶರಪಂಜರ’ ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು ಮನೆಮನೆಯ ಮಾತಾಗಿಸಿತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಅರ್ಧಕ್ಕಿಂತ ಕೆಳಗಿತ್ತು. ಹಾಗಾದರೆ ಇವತ್ತು ಮೊಬೈಲಿನಲ್ಲಿ ಮುನ್ನೂರು ಕಂತಿನ ಕಾದಂಬರಿ ಓದುವ ಹುಡುಗಿ ಎಷ್ಟೋ ಮನೆಗಳಲ್ಲಿ ತನ್ನ ಇಷ್ಟಕ್ಕೆ ಓದಿದ ಮೊದಲ ಹೆಣ್ಣು. ಸಂತೆಕಲ್ಲೂರಿನ ಘನಮಠ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದಾಗ ಮಠದ ಗುರುವೊಬ್ಬರು ಉಳುವವನಿಗೆ ಬೇಕಾದ ವಿಷಯವನ್ನೇ ಪುಸ್ತಕದ ವಿಷಯವಾಗಿ ಮಾಡಿದರು. ಓದುವವರ ಬದುಕಿಗೆ ಏನು ಬೇಕು ಎಂದು ಕೇಳಿ ಪುಸ್ತಕ ಕೊಡುವ ಆ ಪದ್ಧತಿ ಈ ನೆಲಕ್ಕೆ ಹೊಸದಲ್ಲ.

ಇಂಥ ಕತೆ ಓದಿದರೆ ಮೂಢನಂಬಿಕೆ ಬೆಳೆಯುತ್ತದೆ ಎಂಬ ಅಂಜಿಕೆಯನ್ನೂ ಬಿಟ್ಟುಬಿಡಿ. ಹುಣ್ಣಿಮೆಗೆ ಯಾರೂ ತೋಳ ಆಗುವುದಿಲ್ಲ ಎಂದು ಓದುವ ಹುಡುಗಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಅರಿವು ಕೇಂದ್ರದ ಕಪಾಟಿನಲ್ಲಿ ‘ನಾಗಮಂಡಲ’, ‘ಸಿರಿಸಂಪಿಗೆ’ ಕೈಗೆ ಸಿಗುವಂತೆ ಇರಲಿ, ಬೀಗದ ಕಪಾಟಿನಲ್ಲಿ ಬೇಡ. ಜನಪದ ಕತೆಗಳ ಸಂಕಲನಗಳು ಜತೆಗಿರಲಿ. ಪಂಚಮಿಯ ರಜೆಗೆ ಮೊದಲು ಪ್ರೌಢಶಾಲೆಯ ಮಕ್ಕಳಿಗೆ ಒಂದು ಕೆಲಸ ಕೊಡಿ: ಮನೆಯ ಅಜ್ಜಿ, ಅತ್ತೆ, ದೊಡ್ಡವ್ವನ ಹತ್ತಿರ ಹಾವು, ಹುಲಿ, ಗಿಡವಾಗುವ ಮನುಷ್ಯರ ಕತೆ ಕೇಳಿ, ಅವರ ಮಾತಿನಲ್ಲೇ ಬರೆದು ತರಬೇಕು. ಗಂಡುಮಕ್ಕಳೂ ಬರೆಯಲಿ, ಯಾಕೆಂದರೆ ಆ ಕತೆಗಳಲ್ಲಿ ಅಪ್ಪಣ್ಣ ಯಾರೆಂದು ಅವರೂ ನೋಡಬೇಕು. ಪಿಯುಸಿ ಮತ್ತು ಅದರ ಮೇಲಿನವರ ಜತೆ ತೋಳದ ಕಾದಂಬರಿಯನ್ನೂ ನಾಗಮಂಡಲವನ್ನೂ ಅಕ್ಕಪಕ್ಕ ಇಟ್ಟು ಮಾತಾಡಿ. ಚಿಕ್ಕ ಮಕ್ಕಳ ಕೈಗೆ ಹಸಿ ಕಾಮದ ವರ್ಣನೆ ಇರುವ ಕಂತುಗಳು ಸಿಗಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ, ಅದಕ್ಕೆ ವಯಸ್ಸಿನ ಗೆರೆ ಬೇಕು. ಆ ಗೆರೆ ಎಲ್ಲಿ ಎಳೆಯಬೇಕೆಂದು ತೀರ್ಮಾನಿಸಲು ನೀವು ಒಂದು ದಿನ ಕೂಡುವಾಗ, ಈ ಕತೆಗಳನ್ನು ಓದಿರುವ ಹುಡುಗಿಯರಲ್ಲಿ ಇಬ್ಬರನ್ನಾದರೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಯಾವ ಕಂತಿನಲ್ಲಿ ಓದು ನಿಲ್ಲಿಸಿದರು, ಯಾವ ನಾಯಕನನ್ನು ಮೆಚ್ಚಲಿಲ್ಲ, ಯಾಕೆ ಎಂದು ಮೊದಲು ಕೇಳಿ.

ಇತಿ,
ನಿಮ್ಮ ವಿಶ್ವಾಸಿ